ಸಲಕರಣೆ ಕೊಳ್ಳುವ ಗೀಳು (ಛಾಯಾಗ್ರಹಣ)

ಸಲಕರಣೆ ಕೊಳ್ಳುವ ಗೀಳು ಎಂದರೆ ಕೈಯಲ್ಲಿರುವ ಕ್ಯಾಮೆರಾ, ಲೆನ್ಸ್ ಮೊದಲಾದ ಸಾಧನಗಳು ಉದ್ದೇಶಿತ ಕೆಲಸಕ್ಕೆ ಸಾಕಾಗುತ್ತಿದ್ದರೂ ಹೊಸ ಸಾಧನಗಳನ್ನು ಮೇಲಿಂದ ಮೇಲೆ ಕೊಳ್ಳಬೇಕೆನಿಸುವ ಪ್ರವೃತ್ತಿ. ಇಂಗ್ಲಿಷಿನಲ್ಲಿ ಇದನ್ನು ‘ಗೇರ್ ಅಕ್ವಿಸಿಷನ್ ಸಿಂಡ್ರೋಮ್’ ಎಂದೂ, ಅದರ ಮೊದಲಕ್ಷರಗಳನ್ನು ಕೂಡಿಸಿ ‘ಗ್ಯಾಸ್’ ಎಂದೂ ಕರೆಯುತ್ತಾರೆ. ಇದು ವೈದ್ಯಕೀಯ ಪದವಲ್ಲ. ಹವ್ಯಾಸಿಗಳು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳಲು ಬಳಸುವ ಮಾತು. ಒಳ್ಳೆಯ ಚಿತ್ರ ತೆಗೆಯಬೇಕೆಂಬ ಬಯಕೆಯು ಅರಿವಿಲ್ಲದೆಯೇ ಒಳ್ಳೆಯ ಸಾಧನ ಹೊಂದಬೇಕೆಂಬ ಬಯಕೆಯಾಗಿ ಮಾರ್ಪಡುವುದು ಇದರ ಮುಖ್ಯ ಲಕ್ಷಣ. ಆದ್ದರಿಂದ ಈ ಗೀಳನ್ನು ಹತ್ತಿಕ್ಕಲು ಬಳಕೆಯಲ್ಲಿರುವ ಕ್ರಮಗಳೆಲ್ಲವೂ ಚಿತ್ರದಲ್ಲಿ ಕಾಣುವ ಕೊರತೆಯು ಸಾಧನದ್ದೋ ಅಥವಾ ಅದನ್ನು ಬಳಸುವವರದ್ದೋ ಎಂಬ ವಿವೇಚನೆಯನ್ನು ಆಧರಿಸಿವೆ.

## ಪದದ ಮೂಲ

ಈ ಪದ ಹುಟ್ಟಿದ್ದು ಛಾಯಾಗ್ರಹಣದಲ್ಲಲ್ಲ, ಸಂಗೀತದಲ್ಲಿ. ಅಮೆರಿಕದ ‘ಸ್ಟೀಲಿ ಡ್ಯಾನ್’ ವಾದ್ಯತಂಡದ ಗಿಟಾರ್ ವಾದಕ ವಾಲ್ಟರ್ ಬೆಕರ್ 1990ರ ದಶಕದಲ್ಲಿ ‘ಗಿಟಾರ್ ಪ್ಲೇಯರ್’ ಪತ್ರಿಕೆಗೆ ಬರೆದ ವಿಡಂಬನ ಲೇಖನದಲ್ಲಿ ಇದನ್ನು ಬಳಸಿದರು. ಅಲ್ಲಿ ಮೊದಲ ಅಕ್ಷರವು ‘ಗಿಟಾರ್’ ಎಂಬುದನ್ನು ಸೂಚಿಸುತ್ತಿತ್ತು. ಇತರ ವಾದ್ಯಗಳನ್ನು ನುಡಿಸುವವರೂ ಈ ಮಾತನ್ನು ತಮ್ಮದಾಗಿಸಿಕೊಂಡ ಮೇಲೆ ‘ಗಿಟಾರ್’ ಹೋಗಿ ಸಲಕರಣೆ ಎಂಬ ಅರ್ಥದ ‘ಗೇರ್’ ಬಂದಿತು. ಅನಂತರ ಪದವು ಛಾಯಾಗ್ರಾಹಕರಲ್ಲಿಯೂ ವ್ಯಾಪಕವಾಗಿ ಹರಡಿತು.

## ಐತಿಹಾಸಿಕ ಹಿನ್ನೆಲೆ

ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಹೊರತಂದ ಕೊಡಕ್ ಕ್ಯಾಮೆರಾ ಮತ್ತು 1900ರಲ್ಲಿ ಒಂದು ಡಾಲರ್ ಬೆಲೆಗೆ ಮಾರಾಟವಾದ ಬ್ರೌನಿ ಕ್ಯಾಮೆರಾ ಛಾಯಾಗ್ರಹಣವನ್ನು ಜನಸಾಮಾನ್ಯರ ಹವ್ಯಾಸವಾಗಿಸಿದವು. ಇವುಗಳಲ್ಲಿ ಲೆನ್ಸ್ ಬದಲಾಯಿಸುವ ಅನುಕೂಲವಿರಲಿಲ್ಲ. ಆಮೇಲಿನ ದಶಕಗಳಲ್ಲಿ ಲೆನ್ಸ್‌ಗಳನ್ನು ಬದಲಾಯಿಸಬಹುದಾದ ಚಿಕ್ಕ ಕ್ಯಾಮೆರಾಗಳು ಬಂದವು. 1959ರ ನಿಕಾನ್ ಎಫ್‌ನಂತಹ ಮಾದರಿಗಳೊಡನೆ ಒಂದು ಕ್ಯಾಮೆರಾದ ಸುತ್ತ ಹತ್ತಾರು ಲೆನ್ಸ್ ಮತ್ತು ಉಪಸಾಧನಗಳನ್ನು ಜೋಡಿಸುವ ವ್ಯವಸ್ಥೆ ಬೆಳೆಯಿತು. ಕ್ಯಾಮೆರಾ ಕೊಳ್ಳುವುದು ಒಮ್ಮೆ ಮುಗಿಯುವ ವ್ಯವಹಾರವಾಗಿ ಉಳಿಯಲಿಲ್ಲ.

ಫಿಲಂ ಕಾಲದಲ್ಲಿ ಈ ಪ್ರವೃತ್ತಿಗೆ ಸಹಜವಾದೊಂದು ಮಿತಿಯಿತ್ತು. ಚಿತ್ರದ ಬಣ್ಣ, ಕಣದ ನಯ, ಮಂದ ಬೆಳಕಿಗೆ ಸ್ಪಂದಿಸುವ ಶಕ್ತಿ ಇವೆಲ್ಲ ಫಿಲಂನ ಗುಣಗಳಾಗಿದ್ದವು. ಸುಧಾರಿತ ಫಿಲಂ ಮಾರುಕಟ್ಟೆಗೆ ಬಂದಾಗ ಹಳೆಯ ಕ್ಯಾಮೆರಾಕ್ಕೇ ಹೊಸ ರೋಲ್ ಹಾಕಿದರೆ ಸುಧಾರಣೆಯ ಫಲ ದೊರೆಯುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕನ್ನು ಗ್ರಹಿಸುವ ಸೆನ್ಸರ್ ಕ್ಯಾಮೆರಾದೊಳಗೇ ಸ್ಥಿರವಾಗಿರುವುದರಿಂದ, ಸೆನ್ಸರ್ ಸುಧಾರಿಸಿದಾಗಲೆಲ್ಲ ಇಡೀ ಕ್ಯಾಮೆರಾವನ್ನೇ ಬದಲಿಸಬೇಕಾಯಿತು. 1999ರ ನಿಕಾನ್ ಡಿ1ರಲ್ಲಿ ಸುಮಾರು 2.7 ಮೆಗಾಪಿಕ್ಸೆಲ್‌ಗಳಿದ್ದರೆ, 2003ರ ಕ್ಯಾನನ್ ಇಒಎಸ್ 300ಡಿಯಲ್ಲಿ ಸುಮಾರು 6.3 ಮೆಗಾಪಿಕ್ಸೆಲ್‌ಗಳಿದ್ದವು. ಆ ಕಾಲದಲ್ಲಿ ಪ್ರತಿಯೊಂದು ಹೊಸ ಮಾದರಿಯಿಂದಲೂ ಕಣ್ಣಿಗೆ ಕಾಣುವಷ್ಟು ಪ್ರಯೋಜನವಿತ್ತು. ಪ್ರಯೋಜನದ ಪ್ರಮಾಣ ಕ್ರಮೇಣ ಕುಗ್ಗಿತು. ಕ್ಯಾಮೆರಾ ಬದಲಿಸುವ ಅಭ್ಯಾಸ ಮಾತ್ರ ಉಳಿದುಕೊಂಡಿತು.

ಮಾರುಕಟ್ಟೆಯ ಸ್ಥಿತಿಯೂ ಇದಕ್ಕೆ ಪೂರಕವಾಯಿತು. ಜಗತ್ತಿನಾದ್ಯಂತ 2010ರಲ್ಲಿ 12 ಕೋಟಿಗೂ ಹೆಚ್ಚಿದ್ದ ಡಿಜಿಟಲ್ ಕ್ಯಾಮೆರಾಗಳ ಸರಬರಾಜು, ಮೊಬೈಲ್ ಫೋನುಗಳ ಪೈಪೋಟಿಯಿಂದಾಗಿ 2020ರ ವೇಳೆಗೆ 90 ಲಕ್ಷಕ್ಕಿಂತ ಕೆಳಗಿಳಿಯಿತು. ಅಗ್ಗದ ಕ್ಯಾಮೆರಾ ಕೊಳ್ಳುವವರು ಕಡಿಮೆಯಾದಂತೆ ತಯಾರಕರು ದುಬಾರಿ ಮಾದರಿಗಳತ್ತ, ಅಂದರೆ ಗಂಭೀರ ಹವ್ಯಾಸಿಗಳತ್ತ, ಗಮನ ಹರಿಸಿದರು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ತಮ್ಮ ದೊಡ್ಡ ಸೆನ್ಸರ್‌ನ ಕನ್ನಡಿರಹಿತ ಕ್ಯಾಮೆರಾಗಳಿಗೆ ಹೊಸ ಬಗೆಯ ಲೆನ್ಸ್ ಜೋಡಣೆಯನ್ನು ತಂದವು. ಹಳೆಯ ಲೆನ್ಸ್‌ಗಳನ್ನು ಅಡಾಪ್ಟರ್ ಮೂಲಕ ಬಳಸಬಹುದಾಗಿದ್ದರೂ ಅನೇಕರು ಇದ್ದ ಲೆನ್ಸ್‌ಗಳನ್ನೇ ಹೊಸ ರೂಪದಲ್ಲಿ ಮತ್ತೊಮ್ಮೆ ಕೊಂಡರು.

## ಕಾರಣಗಳು

ಹೊಂದಾಣಿಕೆ: ಹೊಸ ವಸ್ತು ತರುವ ಸಂತೋಷ ಸ್ವಲ್ಪ ಕಾಲದಲ್ಲಿಯೇ ಮಾಮೂಲಿನ ಮಟ್ಟಕ್ಕೆ ಇಳಿಯುತ್ತದೆ. ಮನಶ್ಶಾಸ್ತ್ರಜ್ಞರಾದ ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಬೆಲ್ 1971ರಲ್ಲಿ ಇದನ್ನು ಎಷ್ಟು ನಡೆದರೂ ಮುಂದೆ ಸಾಗದ ಟ್ರೆಡ್‌ಮಿಲ್‌ಗೆ ಹೋಲಿಸಿದರು. ಹಿಂದಿನ ಸಂತೋಷವನ್ನು ಮರಳಿ ಪಡೆಯಲು ಮತ್ತೊಂದು ಖರೀದಿ ಬೇಕೆನಿಸುತ್ತದೆ.

ಡಿಡ್ರೋ ಪರಿಣಾಮ: 18ನೇ ಶತಮಾನದ ಫ್ರೆಂಚ್ ಲೇಖಕ ಡೆನಿ ಡಿಡ್ರೋ, ಹೊಸದೊಂದು ನಿಲುವಂಗಿ ಮನೆಗೆ ಬಂದ ಮೇಲೆ ಅದರ ಅಂದಕ್ಕೆ ಹೊಂದದ ಹಳೆಯ ಪೀಠೋಪಕರಣಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಬೇಕಾಗಿ ಬಂದುದನ್ನು ಪ್ರಬಂಧವೊಂದರಲ್ಲಿ ವಿವರಿಸಿದ್ದಾನೆ. ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕನ್ 1988ರಲ್ಲಿ ಇದಕ್ಕೆ ‘ಡಿಡ್ರೋ ಪರಿಣಾಮ’ ಎಂದು ಹೆಸರಿಟ್ಟರು. ಹೆಚ್ಚು ಮೆಗಾಪಿಕ್ಸೆಲ್‌ಗಳ ಕ್ಯಾಮೆರಾ ಬಂದರೆ ಅದಕ್ಕೆ ತಕ್ಕ ಲೆನ್ಸ್, ಆ ಲೆನ್ಸ್‌ನ ಭಾರ ಹೊರುವ ಟ್ರೈಪಾಡ್, ದೊಡ್ಡ ಕಡತಗಳಿಗೆ ಹೆಚ್ಚಿನ ಹಾರ್ಡ್ ಡಿಸ್ಕ್, ಅವನ್ನು ತೆರೆಯಬಲ್ಲ ವೇಗದ ಕಂಪ್ಯೂಟರ್, ಎಲ್ಲವನ್ನೂ ಹಿಡಿಸುವ ಚೀಲ ಹೀಗೆ ಸರಪಳಿ ಬೆಳೆಯುತ್ತದೆ.

ಅಳೆಯಬಹುದಾದುದರ ಆಕರ್ಷಣೆ: ಸಾಧನದ ಗುಣಗಳನ್ನು ಅಂಕಿಗಳಲ್ಲಿ ಹೇಳಬಹುದು, ಒಂದರೊಡನೆ ಮತ್ತೊಂದನ್ನು ಹೋಲಿಸಬಹುದು. ಬೆಳಕನ್ನು ಗುರುತಿಸುವ ಕಣ್ಣು, ಕಾಯುವ ತಾಳ್ಮೆ, ಎದುರಿಗಿರುವ ವ್ಯಕ್ತಿಯ ವಿಶ್ವಾಸ ಗಳಿಸುವ ನಡೆ ಇವುಗಳಿಗೆ ಅಂತಹ ಅಂಕಿಗಳಿಲ್ಲ. ಇವು ವರ್ಷಗಟ್ಟಲೆಯ ಅಭ್ಯಾಸದಿಂದ ಬರುವಂಥವು. ಖರೀದಿಯಾದರೋ ಒಂದೇ ದಿನದಲ್ಲಿ ಮುಗಿದು, ಪ್ರಗತಿ ಸಾಧಿಸಿದ ಭಾವನೆಯನ್ನು ಕೊಡುತ್ತದೆ.

ಪ್ರಚಾರ ಮತ್ತು ಸುಲಭ ಕಂತು: ಸಾಧನ ವಿಮರ್ಶೆಗಳ ಪೈಕಿ ಹಲವು ಮಾರಾಟದ ಮೇಲಿನ ಕಮಿಷನ್‌ನಿಂದ ನಡೆಯುತ್ತವೆ. ಮಾಸಿಕ ಕಂತಿನ ಸೌಲಭ್ಯವು ವಸ್ತುವಿನ ಪೂರ್ಣ ಬೆಲೆಯನ್ನು ಕಣ್ಣಿಗೆ ಬೀಳದಂತೆ ಮಾಡುತ್ತದೆ.

## ಅಂಕಿಗಳ ಹಿಂದಿನ ವಾಸ್ತವ

ಮೆಗಾಪಿಕ್ಸೆಲ್ ಸಂಖ್ಯೆ ದ್ವಿಗುಣವಾದರೆ ಚಿತ್ರದ ವಿವರ ದ್ವಿಗುಣವಾಗುವುದಿಲ್ಲ. ಪಿಕ್ಸೆಲ್‌ಗಳು ಉದ್ದ ಮತ್ತು ಅಗಲ ಎರಡು ದಿಕ್ಕಿಗೂ ಹಂಚಿಹೋಗುವುದರಿಂದ, 24ರಿಂದ 48 ಮೆಗಾಪಿಕ್ಸೆಲ್‌ಗೆ ಏರಿದರೆ ಪ್ರತಿ ದಿಕ್ಕಿನಲ್ಲಿ ಆಗುವ ಹೆಚ್ಚಳ ಸುಮಾರು 1.4 ಪಟ್ಟು ಮಾತ್ರ. ಎ4 ಅಳತೆಯ ಕಾಗದದಲ್ಲಿ ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಲು ಸುಮಾರು 8.7 ಮೆಗಾಪಿಕ್ಸೆಲ್ ಸಾಕು. ‘4ಕೆ’ ಗುಣಮಟ್ಟದ ಟಿ.ವಿ. ಪರದೆಯಲ್ಲಿರುವುದು ಸುಮಾರು 8.3 ಮೆಗಾಪಿಕ್ಸೆಲ್.

ಲೆನ್ಸ್‌ಗಳ ವಿಷಯವೂ ಹೀಗೆಯೇ. ಎಫ್/1.8 ಲೆನ್ಸ್‌ಗೆ ಹೋಲಿಸಿದರೆ ಎಫ್/1.4 ಲೆನ್ಸ್ ಸುಮಾರು 1.65 ಪಟ್ಟು ಬೆಳಕನ್ನು ಒಳಬಿಡುತ್ತದೆ; ಇದು ಒಂದು ಸ್ಟಾಪ್‌ಗಿಂತಲೂ ಕಡಿಮೆ. ಕೋಣೆಯ ಒಳಮೂಲೆಯಲ್ಲಿ ಕುಳಿತವರನ್ನು ಕಿಟಕಿಯ ಬಳಿಗೆ ಕರೆದರೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಬೆಳಕು ಸಿಗುತ್ತದೆ, ಅದಕ್ಕೆ ಖರ್ಚೂ ಇಲ್ಲ.

## ಕೊರತೆಯನ್ನು ಗುರುತಿಸುವುದು

ಸಾಧನದ ಅಗತ್ಯ ನಿಜವೋ ಅಲ್ಲವೋ ಎಂಬುದನ್ನು ಸಾಮಾನ್ಯವಾಗಿ ವಿಫಲವಾದ ಚಿತ್ರಗಳನ್ನು ಪರಿಶೀಲಿಸಿ ನಿರ್ಧರಿಸಲಾಗುತ್ತದೆ.

* ಚಿತ್ರವಿಡೀ ಒಂದೇ ದಿಕ್ಕಿನಲ್ಲಿ ಅದುರಿದ್ದರೆ ಕೈ ಅಲುಗಿದೆ ಎಂದರ್ಥ. ಲೆನ್ಸ್‌ನ ಫೋಕಲ್ ದೂರ 200 ಮಿ.ಮೀ. ಆಗಿದ್ದರೆ ಶಟರ್ ವೇಗ ಸೆಕೆಂಡಿನ 1/200ಕ್ಕಿಂತ ನಿಧಾನವಾಗಿರಬಾರದು ಎಂಬುದು ಹಳೆಯ ಸ್ಥೂಲ ನಿಯಮ. ಶಟರ್ ವೇಗ ಹೆಚ್ಚಿಸುವುದು ಅಥವಾ ಟ್ರೈಪಾಡ್ ಬಳಸುವುದು ಇದಕ್ಕೆ ಪರಿಹಾರ.
* ಹಿನ್ನೆಲೆ ಸ್ಪಷ್ಟವಾಗಿದ್ದು ಚಲಿಸುವ ವ್ಯಕ್ತಿ ಮಾತ್ರ ಅಸ್ಪಷ್ಟವಾಗಿದ್ದರೆ ಟ್ರೈಪಾಡ್‌ನಿಂದಾಗಲಿ ಕಂಪನ ತಡೆಯುವ ಲೆನ್ಸ್‌ನಿಂದಾಗಲಿ ಪ್ರಯೋಜನವಿಲ್ಲ. ಶಟರ್ ವೇಗವನ್ನೇ ಹೆಚ್ಚಿಸಬೇಕು.
* ಕಣ್ಣಿನ ಬದಲು ಕಿವಿ ಸ್ಪಷ್ಟವಾಗಿದ್ದರೆ ಫೋಕಸ್ ಬಿಂದುವಿನ ಆಯ್ಕೆ ತಪ್ಪಿದೆ.
* ಎಲ್ಲವೂ ಸ್ಪಷ್ಟವಾಗಿದ್ದು ಚಿತ್ರ ನೀರಸವಾಗಿದ್ದರೆ ಬೆಳಕು, ನಿಂತ ಜಾಗ ಅಥವಾ ಕ್ಷಣದ ಆಯ್ಕೆಯಲ್ಲಿ ಕೊರತೆಯಿದೆ. ಇದನ್ನು ಯಾವ ಸಾಧನವೂ ನೀಗಿಸಲಾರದು.

ಕೆಲವು ಕೆಲಸಗಳಿಗೆ ವಿಶೇಷ ಸಾಧನ ಬೇಕೇ ಬೇಕು. ದೂರದ ಚಿಕ್ಕ ಹಕ್ಕಿಯ ಚಿತ್ರಕ್ಕೆ ಉದ್ದ ಫೋಕಲ್ ದೂರದ ಲೆನ್ಸ್, ಇರುವೆಯ ಮುಖ ತೋರಿಸಲು ಮ್ಯಾಕ್ರೊ ಲೆನ್ಸ್ ಅಗತ್ಯ. ಮದುವೆಯಂತಹ ಮರುಕಳಿಸದ ಸಂದರ್ಭಗಳಲ್ಲಿ ಕೆಲಸ ಮಾಡುವ ವೃತ್ತಿಪರರಿಗೆ ಎರಡನೆಯ ಕ್ಯಾಮೆರಾ ಆಡಂಬರವಲ್ಲ. ಒಂದೇ ಬಗೆಯ ತಾಂತ್ರಿಕ ಅಡಚಣೆ ಮತ್ತೆ ಮತ್ತೆ ಎದುರಾಗಿ, ಇರುವ ಸಾಧನದ ಎಲ್ಲ ಉಪಾಯಗಳೂ ಮುಗಿದಿದ್ದರೆ ಅಂತಹ ಖರೀದಿಯನ್ನು ಗೀಳು ಎನ್ನಲಾಗದು.

## ಹತ್ತಿಕ್ಕುವ ಕ್ರಮಗಳು

ಸ್ವಂತ ಚಿತ್ರಗಳ ಲೆಕ್ಕ: ಡಿಜಿಟಲ್ ಚಿತ್ರದ ಕಡತದಲ್ಲಿ ಲೆನ್ಸ್, ಫೋಕಲ್ ದೂರ, ಅಪರ್ಚರ್, ಶಟರ್ ವೇಗ ಇವೆಲ್ಲ ದಾಖಲಾಗಿರುತ್ತವೆ. ಒಂದು ವರ್ಷದಲ್ಲಿ ತೆಗೆದು ಮೆಚ್ಚಿದ ಚಿತ್ರಗಳನ್ನು ಈ ದೃಷ್ಟಿಯಿಂದ ವಿಂಗಡಿಸಿದರೆ ಯಾವ ಲೆನ್ಸ್ ದುಡಿಯುತ್ತಿದೆ, ಯಾವುದು ಬೀರುವಿನಲ್ಲಿ ಕುಳಿತಿದೆ ಎಂಬುದು ತಿಳಿಯುತ್ತದೆ.

ಒಂದು ಕ್ಯಾಮೆರಾ, ಒಂದು ಲೆನ್ಸ್: ನಿಗದಿತ ಅವಧಿಯವರೆಗೆ ಸ್ಥಿರ ಫೋಕಲ್ ದೂರದ ಒಂದೇ ಲೆನ್ಸ್ ಬಳಸುವ ಅಭ್ಯಾಸವಿದು. ಝೂಮ್ ಇಲ್ಲದಿರುವುದರಿಂದ ಛಾಯಾಗ್ರಾಹಕರು ತಾವೇ ಮುಂದೆ ಹಿಂದೆ ನಡೆಯಬೇಕಾಗುತ್ತದೆ. ಕೆಲವು ವಾರಗಳಲ್ಲಿ, ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟು ಮನಸ್ಸಿನಲ್ಲಿ ಮೂಡತೊಡಗುತ್ತದೆ.

ಕಾಯುವ ಅವಧಿ: ಬೇಕೆನಿಸಿದ ವಸ್ತುವಿನ ಹೆಸರು, ದಿನಾಂಕ ಮತ್ತು ಅದಿಲ್ಲದೆ ಕೈತಪ್ಪಿದ ಚಿತ್ರ ಯಾವುದು ಎಂಬುದನ್ನು ಬರೆದಿಟ್ಟು ಎರಡು ಮೂರು ತಿಂಗಳು ಬಿಡಲಾಗುತ್ತದೆ. ಮೂರನೆಯ ಕಲಮು ಖಾಲಿಯೇ ಉಳಿದರೆ ನಿರ್ಧಾರ ಸುಲಭ.

ಬಾಡಿಗೆ ಮತ್ತು ಎರವಲು: ಬೆಂಗಳೂರಿನಂತಹ ನಗರಗಳಲ್ಲಿ ಕ್ಯಾಮೆರಾ ಮತ್ತು ಲೆನ್ಸ್‌ಗಳು ದಿನದ ಬಾಡಿಗೆಗೆ ದೊರೆಯುತ್ತವೆ. ವರ್ಷಕ್ಕೊಮ್ಮೆ ಕಾಡಿಗೆ ಹೋಗುವವರಿಗೆ ದೊಡ್ಡ ಲೆನ್ಸ್‌ನ ಒಡೆತನಕ್ಕಿಂತ ಬಾಡಿಗೆಯೇ ಮಿತವ್ಯಯ.

ಮುದ್ರಣ ಮತ್ತು ಯೋಜನೆ: ಅದೇ ಹಣದಲ್ಲಿ ಚಿತ್ರಗಳನ್ನು ಮುದ್ರಿಸುವುದು, ಪ್ರವಾಸ ಕೈಗೊಳ್ಳುವುದು, ಛಾಯಾಚಿತ್ರ ಸಂಪುಟಗಳನ್ನು ಓದುವುದು ಪರ್ಯಾಯಗಳು. ಒಂದು ಬೀದಿ, ಒಂದು ಕಸುಬು ಅಥವಾ ಒಂದು ಕೆರೆಯನ್ನು ವರ್ಷವಿಡೀ ಚಿತ್ರಿಸುವ ಯೋಜನೆ ಹಾಕಿಕೊಂಡವರ ಗಮನ ಸಾಧನದಿಂದ ವಸ್ತುವಿಷಯದತ್ತ ತಿರುಗುತ್ತದೆ.

## ಮಿತ ಸಲಕರಣೆಯ ಛಾಯಾಗ್ರಾಹಕರು

ಫ್ರಾನ್ಸಿನ ಯೂಜೀನ್ ಅಟ್ಜೆ (1857–1927) ಹಳೆಯ ಪ್ಯಾರಿಸ್ ನಗರವನ್ನು 18×24 ಸೆಂ.ಮೀ. ಗಾಜಿನ ಫಲಕಗಳ ಮರದ ಕ್ಯಾಮೆರಾದಲ್ಲಿ ದಶಕಗಳ ಕಾಲ ದಾಖಲಿಸಿದರು. ಚಿಕ್ಕ ಕ್ಯಾಮೆರಾಗಳು ಬಂದ ಮೇಲೂ ಅದನ್ನು ಬಿಡಲಿಲ್ಲ. ಆನ್ರಿ ಕಾರ್ತಿಯೆ-ಬ್ರೆಸೋಂ (1908–2004) ಹೆಚ್ಚಾಗಿ ಬಳಸಿದ್ದು ಲೈಕಾ ಕ್ಯಾಮೆರಾ ಮತ್ತು 50 ಮಿ.ಮೀ. ಲೆನ್ಸ್. ಯೋಸೆಫ್ ಕೌದೆಲ್ಕಾ 1960ರ ದಶಕದಲ್ಲಿ ಜಿಪ್ಸಿ ಸಮುದಾಯಗಳ ಪ್ರಸಿದ್ಧ ಚಿತ್ರಗಳನ್ನು ಎಕ್ಸಾಕ್ಟಾ ಕ್ಯಾಮೆರಾ ಮತ್ತು 25 ಮಿ.ಮೀ. ಲೆನ್ಸ್‌ನಲ್ಲಿ ತೆಗೆದರು. ಜಪಾನಿನ ದೈದೊ ಮೊರಿಯಾಮಾ ಜೇಬಿನಲ್ಲಿ ಹಿಡಿಯುವ ರಿಕೊ ಕ್ಯಾಮೆರಾಗಳಿಂದ ಹೆಸರಾದವರು.

ಕರ್ನಾಟಕದಲ್ಲಿ ಎಂ. ವೈ. ಘೋರ್ಪಡೆ, ಇ. ಹನುಮಂತರಾವ್ ಮುಂತಾದವರ ವನ್ಯಜೀವಿ ಛಾಯಾಗ್ರಹಣ ಬಹುಮಟ್ಟಿಗೆ ಫಿಲಂ ಕಾಲಕ್ಕೆ ಸೇರಿದ್ದು. 35 ಮಿ.ಮೀ. ರೋಲ್‌ನಲ್ಲಿ 36 ಚಿತ್ರಗಳಷ್ಟೇ ಇರುತ್ತಿದ್ದುದರಿಂದ ಪ್ರಾಣಿಯ ಚಲನವಲನವನ್ನು ಮೊದಲೇ ಅರಿತು ಕಾಯುವುದು ಅನಿವಾರ್ಯವಾಗಿತ್ತು.

ಆದರೆ ಈ ಉದಾಹರಣೆಗಳಿಂದ ಸಾಧನ ಮುಖ್ಯವಲ್ಲ ಎಂದು ತೀರ್ಮಾನಿಸಲಾಗದು. ಲೈಕಾ ತನ್ನ ಕಾಲದ ಅತ್ಯುತ್ತಮ ಚಿಕ್ಕ ಕ್ಯಾಮೆರಾಗಳಲ್ಲೊಂದು. ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ ಪರ್ವತಪ್ರದೇಶಗಳಿಗೆ ಭಾರವಾದ ಕ್ಯಾಮೆರಾಗಳನ್ನು ಹೊತ್ತೊಯ್ದದ್ದು ಸೂಕ್ಷ್ಮ ವಿವರಗಳು ಬೇಕಿದ್ದುದರಿಂದಲೇ. ಇವರೆಲ್ಲರೂ ತಮ್ಮ ಕೆಲಸಕ್ಕೆ ತಕ್ಕ ಸಾಧನವನ್ನು ಆರಿಸಿ, ಅದನ್ನು ಕೈವಶ ಮಾಡಿಕೊಂಡರು.

## ಪರಿಣಾಮಗಳು

ಹಣದ ನಷ್ಟ ಮೊದಲ ಪರಿಣಾಮ. ಡಿಜಿಟಲ್ ಕ್ಯಾಮೆರಾದ ಮರುಮಾರಾಟ ಬೆಲೆ ಹೊಸ ಮಾದರಿ ಬಂದೊಡನೆ ಇಳಿಯುತ್ತದೆ. ಕಂತು ಮಾತ್ರ ಮುಂದುವರಿಯುತ್ತದೆ. ಮನೆಯ ಇತರ ಅಗತ್ಯಗಳಿಗೆ ಮೀಸಲಾದ ಹಣ ಇದಕ್ಕೆ ಹೋದಾಗ ಖರೀದಿಯನ್ನು ಮನೆಯವರಿಂದ ಮುಚ್ಚಿಡುವ, ಬೆಲೆಯನ್ನು ಕಡಿಮೆ ಮಾಡಿ ಹೇಳುವ ಸಂದರ್ಭಗಳು ಉಂಟಾಗುತ್ತವೆ. ಹವ್ಯಾಸವು ನೆಮ್ಮದಿಯ ಬದಲು ಅಳುಕಿಗೆ ಕಾರಣವಾಗುವುದು ಇಲ್ಲಿಂದಲೇ.

ಬಳಸದೆ ಇಟ್ಟ ಸಾಧನವೂ ಕೆಡುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದ ತೇವದಲ್ಲಿ ಮುಚ್ಚಿಟ್ಟ ಲೆನ್ಸ್‌ಗಳ ಗಾಜಿನ ಮೇಲೆ ಬೂಷ್ಟು ಬೆಳೆದು ಲೇಪನವನ್ನು ಹಾಳುಮಾಡಬಲ್ಲದು. ಅದನ್ನು ತಡೆಯಲು ತೇವ ನಿಯಂತ್ರಿಸುವ ಪೆಟ್ಟಿಗೆ ಬೇಕಾಗುತ್ತದೆ. ಅದೂ ಮತ್ತೊಂದು ಖರೀದಿಯೇ. ಸಾಧನಗಳು ಹೆಚ್ಚಿದಷ್ಟೂ ಯಾವುದನ್ನು ಒಯ್ಯುವುದು ಎಂಬ ಗೊಂದಲವೂ, ಯಾವುದರ ಬಳಕೆಯೂ ಕರಗತವಾಗದ ಸ್ಥಿತಿಯೂ ಉಂಟಾಗುತ್ತವೆ.

## ಟೀಕೆ

ಗೀಳು ಅಥವಾ ‘ಸಿಂಡ್ರೋಮ್’ ಎಂಬ ಪದಬಳಕೆಗೆ ಆಕ್ಷೇಪಗಳಿವೆ. ತಡೆಯಲಾಗದ ಖರೀದಿಯ ತುಡಿತವನ್ನು 20ನೇ ಶತಮಾನದ ಆರಂಭದಲ್ಲಿಯೇ ಎಮಿಲ್ ಕ್ರೇಪೆಲಿನ್ ಮತ್ತು ಯೂಜೆನ್ ಬ್ಲಾಯ್ಲರ್ ಎಂಬ ಮನೋವೈದ್ಯರು ವರ್ಣಿಸಿದ್ದರು. ಸಾಲ, ಸುಳ್ಳು ಮತ್ತು ತೀವ್ರ ಪಶ್ಚಾತ್ತಾಪದಿಂದ ಕೂಡಿದ ಅಂತಹ ಸ್ಥಿತಿಗೆ ಮನೋವೈದ್ಯರ ನೆರವು ಬೇಕು. ಅದನ್ನು ತಮಾಷೆಯ ಹೆಸರಿನಿಂದ ಕರೆದರೆ ಅದರ ಗಾಂಭೀರ್ಯ ಮರೆಯಾಗುತ್ತದೆ ಎಂಬುದು ಒಂದು ವಾದ. ಕ್ಯಾಮೆರಾಗಳ ಯಂತ್ರಕೌಶಲವನ್ನು ಮೆಚ್ಚಿ ಸಂಗ್ರಹಿಸುವುದು ನಾಣ್ಯ, ಅಂಚೆಚೀಟಿಗಳ ಸಂಗ್ರಹದಂತೆ ಸ್ವತಂತ್ರ ಹವ್ಯಾಸವೇ ಆಗಿದೆ, ಅದನ್ನು ದೋಷವೆಂದು ಕಾಣಬೇಕಿಲ್ಲ ಎಂಬುದು ಇನ್ನೊಂದು ವಾದ. ಸಂಗ್ರಾಹಕರಿಗೆ ಕ್ಯಾಮೆರಾ ತನ್ನಷ್ಟಕ್ಕೇ ಗುರಿ. ಮುಂದಿನ ಕ್ಯಾಮೆರಾದಿಂದ ತಮ್ಮ ಚಿತ್ರಗಳು ಉತ್ತಮಗೊಳ್ಳುತ್ತವೆ ಎಂಬ ನಿರೀಕ್ಷೆ ಅವರಿಗಿರುವುದಿಲ್ಲ. ಈ ನಿರೀಕ್ಷೆಯೇ ಸಂಗ್ರಹವನ್ನೂ ಗೀಳನ್ನೂ ಬೇರ್ಪಡಿಸುವ ಗೆರೆಯಾಗಿದೆ.

## ಇವನ್ನೂ ನೋಡಿ

* ಛಾಯಾಗ್ರಹಣ
* ಡಿಜಿಟಲ್ ಕ್ಯಾಮೆರಾ
* ಡಿಡ್ರೋ ಪರಿಣಾಮ