ಸಾಬೂನಿನ ಗುಟ್ಟು

ನೀರಿಗೂ ಎಣ್ಣೆಗೂ ಮೈತ್ರಿಯಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಜಿಡ್ಡು ಹತ್ತಿದ ಪಾತ್ರೆಯ ಮೇಲೆ ಎಷ್ಟು ನೀರು ಸುರಿದರೂ ಅದು ಜಾರಿ ಹೋಗುವುದೇ ಹೊರತು ಜಿಡ್ಡನ್ನು ಕೊಂಡೊಯ್ಯಲಾರದು. ಈ ಇಬ್ಬರಿಗೂ ಸಂಧಿ ಮಾಡಿಸುವ ದೂತನೇ ಸಾಬೂನು. ಅವನ ಸೇವೆಯನ್ನು ನಾವು ಬಹುಕಾಲದಿಂದ ಪಡೆಯುತ್ತ ಬಂದಿದ್ದೇವೆ; ಗುಟ್ಟನ್ನು ಅರಿತದ್ದು ಮಾತ್ರ ತೀರ ಈಚೆಗೆ.

ನಮ್ಮಲ್ಲಿ ಮಡಿವಾಳರು ಚೌಳುಮಣ್ಣಿನಿಂದ ಬಟ್ಟೆಯ ಕೊಳೆ ತೆಗೆಯುತ್ತಿದ್ದರು. ಮನೆಗಳಲ್ಲಿ ಸೀಗೆ, ಅಂಟುವಾಳಗಳಿದ್ದುವು. ಯೂರೋಪಿನವರು ಕೊಬ್ಬನ್ನೋ ಆಲಿವ್ ಎಣ್ಣೆಯನ್ನೋ ಬೂದಿಯ ಕ್ಷಾರದೊಡನೆ ಕುದಿಸಿ ಸಾಬೂನು ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಆ ಬೂದಿಯು ಸಾಲದಾಯಿತು. ಆಗ ಫ್ರಾನ್ಸಿನ ಲೆಬ್ಲಾಂಕ್ ಎಂಬ ವೈದ್ಯನು ಅಡಿಗೆಯ ಉಪ್ಪಿನಿಂದಲೇ ಸೋಡಾ ತಯಾರಿಸುವ ಕ್ರಮವನ್ನು ಕಂಡುಹಿಡಿದು 1791ರಲ್ಲಿ ಪೇಟೆಂಟು ಪಡೆದನು. ಕ್ರಾಂತಿಯ ಸರ್ಕಾರವು ಅವನ ಕಾರ್ಖಾನೆಯನ್ನು ವಶಪಡಿಸಿಕೊಂಡಿತು. ದಾರಿದ್ರ್ಯದಿಂದ ನೊಂದ ಆತನು 1806ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಲೋಕದ ಕೊಳೆ ಕಳೆಯಲು ದಾರಿ ತೋರಿದವನಿಗೆ ದೊರೆತ ಸಂಭಾವನೆ ಇದು. ಇಂಗ್ಲೆಂಡಿನಲ್ಲಾದರೋ 1712ರಲ್ಲಿ ಹಾಕಿದ ಸಾಬೂನಿನ ತೆರಿಗೆಯನ್ನು ಗ್ಲ್ಯಾಡ್‌ಸ್ಟನ್ 1853ರಲ್ಲಿ ತೆಗೆದುಹಾಕುವವರೆಗೂ ಬಡವನ ಶುಭ್ರತೆಗೂ ಸುಂಕವಿದ್ದಿತು.

ಸಾಬೂನೆಂದರೇನೆಂಬುದನ್ನು ನಿರ್ಧರಿಸಿದವನು ಫ್ರಾನ್ಸಿನವನೇ ಆದ ಷೆವ್ರಲ್. ಕೊಬ್ಬೆಂಬುದು ಗ್ಲಿಸರಿನ್ನೂ ಮೇದಾಮ್ಲಗಳೂ ಕೂಡಿದ ವಸ್ತು, ಕ್ಷಾರವು ಅವನ್ನು ಅಗಲಿಸಿ ಆಮ್ಲದೊಡನೆ ತಾನು ಸೇರಿದಾಗ ಸಾಬೂನು ಹುಟ್ಟುತ್ತದೆ ಎಂದು ಅವನು 1823ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದನು. ಆದರೆ ಅದು ಕೊಳೆಯನ್ನು ಬಿಡಿಸುವ ಬಗೆ ಇನ್ನೂ ತಿಳಿಯಬೇಕಾಗಿತ್ತು. 1917ರಲ್ಲಿ ಅಮೆರಿಕದ ಲ್ಯಾಂಗ್‌ಮ್ಯೂರ್, ನೀರಿನ ಮೇಲೆ ಹರಡಿದ ಮೇದಾಮ್ಲದ ಅಣುಗಳು ಒಂದು ತುದಿಯನ್ನು ನೀರಿನಲ್ಲಿಟ್ಟು ಉದ್ದನೆಯ ಬಾಲವನ್ನು ಮೇಲೆತ್ತಿ ನಿಲ್ಲುವುವೆಂದು ತೋರಿಸಿದನು. ಸಾಬೂನಿನ ಅಣುವಿನ ಸ್ವಭಾವವೂ ಇದೇ: ತಲೆಗೆ ನೀರು ಪ್ರಿಯ, ಬಾಲಕ್ಕೆ ಎಣ್ಣೆ ಪ್ರಿಯ. ಬಾಲಗಳು ಜಿಡ್ಡಿನೊಳಕ್ಕೆ ನುಗ್ಗುತ್ತವೆ. ನಾವು ಉಜ್ಜಿದಾಗ ಜಿಡ್ಡು ಸಣ್ಣ ಹನಿಗಳಾಗಿ ಒಡೆಯುತ್ತದೆ. ಪ್ರತಿಯೊಂದು ಹನಿಯನ್ನೂ ಸುತ್ತುವರಿದ ತಲೆಗಳು ಒಂದೇ ಬಗೆಯ ವಿದ್ಯುತ್ತಿನಿಂದ ಕೂಡಿರುವುದರಿಂದ ಹನಿಗಳು ಪರಸ್ಪರ ಸೇರದೆ ನೀರಿನೊಡನೆ ಹರಿದು ಹೋಗುತ್ತವೆ.

2020ರ ಮಹಾಮಾರಿಯಲ್ಲಿ ಈ ಗುಟ್ಟಿನ ಬೆಲೆ ನಮಗೆ ಮನದಟ್ಟಾಯಿತು. ಕೊರೋನಾ ವೈರಾಣುವಿನ ಹೊರಪೊರೆಯಲ್ಲಿರುವುದೂ ಮೇದಸ್ಸೇ. ಪಾತ್ರೆಯ ಜಿಡ್ಡನ್ನು ಸೀಳುವ ಬಾಲವೇ ಅದನ್ನೂ ಸೀಳಬಲ್ಲುದು. ಆದರೆ ಸಾಬೂನೂ ತೊಳೆಯುವಷ್ಟು ನೀರೂ ಇಲ್ಲದ ಮನೆಗಳು ಇಂದಿಗೂ ಉಂಟು. ಇವೆರಡನ್ನೂ ಅಲ್ಲಿಗೆ ಮುಟ್ಟಿಸುವುದು ರಸಾಯನಶಾಸ್ತ್ರದ ಕೆಲಸವಲ್ಲ, ಅದು ನಮ್ಮದು.