ಅಪಾಯ ಇಳಿದು ಬಂದ ದಾರಿ

ಹೊರದೇಶದ ಕಾರ್ಖಾನೆಗೆ ಮಾಲು ಮಾಡೋಕೆ ಕೊಡುವ ಕಂಪನಿಗಳು ತಮಗೆ ಬರುವ ಅಪಾಯಗಳನ್ನು ಹೇಗೆ ನಿಭಾಯಿಸಬೇಕು ಅಂತ ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಪಾಠ ಹೇಳ್ತಾರೆ. ಆ ಪಾಠದಲ್ಲಿ ಬರುವ ಹೊರದೇಶ ಯಾವುದು? ನಮ್ಮ ಮೈಸೂರು ರಸ್ತೆ, ನಮ್ಮ ಪೀಣ್ಯ. ಅಲ್ಲಿ ಮಿಷನ್ ಮುಂದೆ ಕೂತೋರು ಯಾರು? ನಮ್ಮ ಅಕ್ಕಂದಿರು. ಅವರು ಗಾರ್ಮೆಂಟ್ಸಲ್ಲಿ ದುಡಿದ ದುಡ್ಡಿನಿಂದಲೇ ನಾವು ಹಾಸ್ಟೆಲ್ ಸೇರಿ ಡಿಗ್ರಿ ಮುಗಿಸಿದ್ದು. ಆದ್ದರಿಂದ ಈ ಚರಿತ್ರೆಯನ್ನು ನಾವು ಮಿಷನ್ನಿನ ಕಡೆಯಿಂದಲೇ ಓದಬೇಕಾಗಿದೆ.

ಚಾಮರಾಜಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬಿನ್ನಿಪೇಟೆ ಇದೆ. ಅದಕ್ಕೆ ಹೆಸರು ಕೊಟ್ಟದ್ದು ಒಂದು ಗಿರಣಿ. 1884ರಲ್ಲಿ ಶುರುವಾದ ಉಣ್ಣೆ, ಹತ್ತಿ, ರೇಷ್ಮೆಯ ಆ ಗಿರಣಿ ಎರಡೇ ವರ್ಷದಲ್ಲಿ ಮದರಾಸಿನ ಬ್ರಿಟಿಷ್ ಕಂಪನಿ ಬಿನ್ನಿಯ ಕೈಗೆ ಹೋಯಿತು. ಮಾಲೀಕ ಅಲ್ಲಿ, ಬೆವರು ಇಲ್ಲಿ. 1898ರಲ್ಲಿ ಪ್ಲೇಗು ಬಂತು. ಅಗಲ ಬೀದಿಗಳ ಬಸವನಗುಡಿ, ಮಲ್ಲೇಶ್ವರ ಎದ್ದು ನಿಂತದ್ದು ಆ ಹೊತ್ತಿನಲ್ಲೇ. ಸೈಟು ಕೊಳ್ಳುವ ಶಕ್ತಿ ಇದ್ದವರು ಪ್ಲೇಗಿನಿಂದ ದೂರ ಹೋದರು. ಅಪಾಯದಿಂದ ದೂರ ಹೋಗೋಕೂ ದುಡ್ಡು ಬೇಕು, ಜಾತಿ ಬೇಕು. ಗಿರಣಿಯ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ.

ಗಿರಣಿ ಹೋಯಿತು, ಗಾರ್ಮೆಂಟ್ಸ್ ಬಂತು. ಯಾವ ದೇಶ ಎಷ್ಟು ಬಟ್ಟೆ ಕಳಿಸಬಹುದು ಎಂದು ಅಳತೆ ಹಾಕಿದ್ದ ಕೋಟಾ ಪದ್ಧತಿ 1974ರಲ್ಲಿ ಶುರುವಾಗಿ 2004ರ ಕೊನೆಗೆ ಮುಗಿಯಿತು. ಆಮೇಲೆ ಬಯ್ಯರಿಗೆ ಹಿಡಿತವೇ ಇಲ್ಲ. ಒಂದೇ ಅಂಗಿಯ ಆರ್ಡರನ್ನು ಬೆಂಗಳೂರು, ಢಾಕಾ, ವಿಯೆಟ್ನಾಂಗೆ ಹಂಚಬಹುದು. ಒಂದು ಕಡೆ ನಿಂತರೆ ಇನ್ನೊಂದು ಕಡೆ ನಡೆಯುತ್ತೆ. ಇದು ಅವರ ಜಾಣತನ. ಮಾಲು ತಡವಾದರೆ ಹಡಗಿನ ಬದಲು ವಿಮಾನದಲ್ಲಿ ಕಳಿಸು, ಖರ್ಚು ನಿನ್ನದು ಎನ್ನುತ್ತದೆ ಕರಾರು. ಆ ಖರ್ಚಿಗೆ ಹೆದರಿದ ಕಾರ್ಖಾನೆಯವನು ಟಾರ್ಗೆಟ್ ಏರಿಸುತ್ತಾನೆ. ಟಾರ್ಗೆಟ್ಟು ಸೂಪರ್‌ವೈಸರ್ ಬಾಯಲ್ಲಿ ಬೈಗುಳವಾಗಿ ಲೈನಿಗೆ ಇಳಿಯುತ್ತದೆ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತೆ ಅಂತ ನಮ್ಮಕ್ಕ ನೀರೇ ಕುಡೀತಿರಲಿಲ್ಲ. ಬಯ್ಯರ್ ಬರುವ ದಿನ ಮಾತ್ರ ಕಕ್ಕಸಿನಲ್ಲಿ ಸೋಪು!

ಬಯ್ಯರು ಹೆದರೋದು ಹೆಸರು ಕೆಡೋದಕ್ಕೆ. 2006ರಲ್ಲಿ, ಹಾಲೆಂಡಿನ ಜಿ-ಸ್ಟಾರ್‌ಗೆ ಜೀನ್ಸ್ ಹೊಲಿಯುತ್ತಿದ್ದ ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಇಂಟರ್‌ನ್ಯಾಷನಲ್ ಕಾರ್ಖಾನೆಗಳ ಸ್ಥಿತಿಯ ಬಗ್ಗೆ ಬೆಂಗಳೂರಿನ ಕಾರ್ಮಿಕ ಸಂಘಟನೆಗಳು ದೂರಿದವು. ಕಂಪನಿ ಅದನ್ನು ಅಲ್ಲಗಳೆದು ಕೋರ್ಟಿಗೆ ಹೋಯಿತು, ತಡೆಯಾಜ್ಞೆ ತಂದು ಸಂಘಟನೆಗಳ ಬಾಯಿ ಕಟ್ಟಿತು. ದೂರನ್ನು ಹಾಲೆಂಡಿನಲ್ಲಿ ಎತ್ತಿ ಆಡಿದವರ ಮೇಲೂ ಇಲ್ಲಿ ಕೇಸು ಬಿತ್ತು. 2008ರ ಜನವರಿಯಲ್ಲಿ ಆ ದೇಶದ ಮಾಜಿ ಪ್ರಧಾನಿ ರೂಡ್ ಲಬರ್ಸ್ ನಡುವೆ ಬಂದ ಮೇಲೆ ರಾಜಿಯಾಯಿತು. ಮಾಗಡಿ ಕಡೆಯ ಹೆಣ್ಣುಮಗಳ ಮಾತು ಕೇಳಿಸಬೇಕಾದರೆ ಹಾಲೆಂಡಿನ ಪ್ರಧಾನಿ ಬೇಕೇನು?

ಬೇಕಿಲ್ಲ ಅಂತ 2016 ತೋರಿಸಿತು. ಕೆಲಸ ಬಿಟ್ಟಾಗ ಕೈಗೆ ಸಿಗುವ ಒಂದೇ ಗಂಟು ಪಿ.ಎಫ್. ಮಗಳ ಮದುವೆ, ಮಗನ ಫೀಜು, ಊರಿನ ಸಾಲ, ಎಲ್ಲಕ್ಕೂ ಅದೇ. ಬಯ್ಯರಿಗೆ ವಿಮೆಯಿದೆ, ಕರಾರಿದೆ. ಇವರಿಗೆ ಇದ್ದದ್ದು ಇದು. ಮಾಲೀಕ ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಏಪ್ರಿಲ್ 18ರಂದು ಹೆಂಗಸರು ಮಿಷನ್ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದರು. ಮರುದಿನ ಬೇರೆ ರಸ್ತೆಗಳೂ ತುಂಬಿದವು. ಕಲ್ಲು ಬಿದ್ದವು, ಲಾಠಿ ಬಿದ್ದವು, ಬಸ್ಸು ಸುಟ್ಟವು. 19ರ ಸಂಜೆಗೆ ದಿಲ್ಲಿ ನಿಯಮ ವಾಪಸು ಪಡೆಯಿತು. ಮುಂದಾಳು ಯಾರು ಅಂತ ಹುಡುಕಿದವರಿಗೆ ಯಾರೂ ಸಿಗಲಿಲ್ಲ.

ಆದರೆ ಅಪಾಯ ಇಳಿಯುವ ದಾರಿ ಮುಚ್ಚಿಲ್ಲ. 2020ರಲ್ಲಿ ಕೊರೋನಾ ಬಂದಾಗ ಹೊರದೇಶದ ಬ್ರ್ಯಾಂಡುಗಳು ಆರ್ಡರ್ ರದ್ದು ಮಾಡಿದವು. ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿ. ಅದನ್ನೂ ರಾಜ್ಯ ಸರ್ಕಾರ ಜುಲೈನಲ್ಲಿ ಮುಂದೂಡಿತು. ಸೆಪ್ಟೆಂಬರ್‌ನಲ್ಲಿ ಕೊಡಿ ಅಂತ ಹೈಕೋರ್ಟ್ ಹೇಳಿದರೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಹಬ್ಬಕ್ಕೆ ಊರಿಗೆ ಬರುವ ಹೆಣ್ಣುಮಕ್ಕಳ ಸಂಬಳದ ಚೀಟಿ ಕೇಳಿ ತಗೊಳ್ಳಿ. ತುಟ್ಟಿಭತ್ಯೆ ಎಷ್ಟು, ಓಟಿ ಎಷ್ಟು, ಪಿ.ಎಫ್. ಕಟ್ಟಿದ್ದಾರೋ ಇಲ್ಲವೋ, ಜೋರಾಗಿ ಓದಿ ಹೇಳಿ. ಅವರ ದುಡ್ಡಲ್ಲಿ ಅಕ್ಷರ ಕಲಿತ ನಾವು ಮೊದಲು ಓದಬೇಕಾದ ಚರಿತ್ರೆ ಆ ಚೀಟಿಯಲ್ಲಿದೆ.