ಡೆಕ್‌ನೆಟ್ ಹೋಯಿತು, ನೆನಪು ಎಲ್ಲಿ?

ಊರಿಗೆ ಹೋಗಲು ಸಿಕಂದರಾಬಾದಿನ ರಿಸರ್ವೇಶನ್ ಕೌಂಟರಿನ ಮುಂದೆ ಸಾಲು ನಿಂತವರು ನಮ್ಮಲ್ಲಿ ಬಹಳ ಮಂದಿ. ರೈಲ್ವೆಯ ‘ಕನ್ಸರ್ಟ್’ ತಂತ್ರಾಂಶ ಮೊದಲು ಚಾಲೂ ಆದದ್ದು ಇದೇ ಊರಿನಲ್ಲಿ, 1994ರಲ್ಲಿ. ಅದಕ್ಕೂ ಹಿಂದೆ, 1985ರಲ್ಲಿ ದೆಹಲಿಯಿಂದ ಶುರುವಾಗಿದ್ದ ಕಂಪ್ಯೂಟರ್ ಬುಕಿಂಗಿನಲ್ಲಿ ಒಂದೊಂದು ಕೇಂದ್ರವೂ ಒಂದೊಂದು ದ್ವೀಪ. 1999ರಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಐದೂ ಒಂದೇ ಜಾಲಕ್ಕೆ ಸೇರಿದವು.

ಕನ್ಸರ್ಟ್ ಓಡಿದ್ದು ಅಮೆರಿಕದ ಡಿಜಿಟಲ್ ಕಂಪನಿಯ ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ. ಆ ಕಂಪನಿಯ ಯಂತ್ರಗಳು ಪರಸ್ಪರ ಮಾತಾಡಲೆಂದು 1975ರಲ್ಲಿ ಬಂದ ಭಾಷೆಯೇ ಡೆಕ್‌ನೆಟ್. 1998ರಲ್ಲಿ ಕಾಂಪ್ಯಾಕ್ ಕಂಪನಿ ಡಿಜಿಟಲ್ಲನ್ನು ಕೊಂಡುಕೊಂಡಿತು. ಅಷ್ಟರಲ್ಲಿ ಲೋಕವೆಲ್ಲ ಇಂಟರ್ನೆಟ್ಟಿನ ಟಿಸಿಪಿ-ಐಪಿಗೆ ಹೊರಳಿತ್ತು. ಆದರೂ ಕೆಲವು ಉತ್ಸಾಹಿಗಳು ಲಿನಕ್ಸಿಗೆ ಡೆಕ್‌ನೆಟ್ ಕಲಿಸಿದರು, 2001ರ 2.4ನೇ ಆವೃತ್ತಿಯಲ್ಲಿ ಅದು ಇತ್ತು. ಬರಬರುತ್ತ ನೋಡಿಕೊಳ್ಳುವವರಿಲ್ಲದೆ ಅನಾಥವಾಯಿತು. 2022ರ ಕೊನೆಗೆ ಬಂದ 6.1ನೇ ಆವೃತ್ತಿಯಲ್ಲಿ ಅದನ್ನು ತೆಗೆದೇಬಿಟ್ಟರು.

ಬಳಸುವವರಿಲ್ಲದಿದ್ದರೆ ಮೂಲೆಯಲ್ಲಿ ಬಿದ್ದಿರಲಿ, ಏನು ನಷ್ಟ? ಹಾಗೆ ಕೇಳುವವರಿಗೆ ಎಕೋನೆಟ್ ಕಥೆ ಹೇಳಬೇಕು. ಬ್ರಿಟನ್ನಿನ ಶಾಲೆಗಳ ಹಳೆಯ ಏಕಾರ್ನ್ ಕಂಪ್ಯೂಟರುಗಳ ಜಾಲ ಅದು. ಯಾರೋ ಸಾಮಾನ್ಯ ಬಳಕೆದಾರ ಆ ಬಗೆಯ ಸಾಕೆಟ್ ಕೇಳಿದರೆ ಸಾಕು, ಮಲಗಿದ್ದ ಕೋಡನ್ನು ಲಿನಕ್ಸ್ ತಾನಾಗಿ ಎಬ್ಬಿಸುತ್ತಿತ್ತು. 2010ರಲ್ಲಿ ಅದರೊಳಗಿನ ದೋಷ ಹಿಡಿದು ಇಡೀ ಯಂತ್ರದ ಒಡೆತನ ಪಡೆಯುವ ದಾರಿ ಬಯಲಾಯಿತು. ಎಕೋನೆಟ್ಟಿನ ಹೆಸರೇ ಕೇಳದವರ ಸರ್ವರುಗಳಿಗೂ ಅಪಾಯ! 2012ರಲ್ಲಿ ಅದನ್ನೂ ತೆಗೆದರು. ಯಾರೂ ಕಾಯದ ಹಿತ್ತಿಲ ಬಾಗಿಲು ಕಳ್ಳನಿಗೇ ಉಪಯೋಗ.

ಲಿನಕ್ಸ್ ಸರ್ವರುಗಳನ್ನೇ ನೋಡಿಕೊಂಡು ಅನ್ನ ತಿನ್ನುವ ನಾನು ತೆಗೆದವರ ಪರ. ಹಳೆಯ ಯಂತ್ರಗಳನ್ನು ಇನ್ನೂ ಜತನ ಮಾಡುವ ಬೆರಳೆಣಿಕೆಯ ಮಂದಿಗೆ ಇದರಿಂದ ಕಷ್ಟವಾಗಿದೆ, ನಿಜ. ಅವರು ಭದ್ರತೆಯ ತೇಪೆ ಸಿಗದ ಹಳೆಯ ಕರ್ನಲ್ಲಿನಲ್ಲೇ ಉಳಿಯಬೇಕು, ಇಲ್ಲವೇ ಆ ಕೋಡಿನ ಹೊಣೆಯನ್ನು ತಾವೇ ಹೊರಬೇಕು. ಆದರೆ ಹೊಣೆ ಹೊರುವವರಿಲ್ಲದ ಕೋಡಿನ ಅಪಾಯವನ್ನು ಎಲ್ಲರ ತಲೆಗೂ ಕಟ್ಟುವುದು ನ್ಯಾಯವಲ್ಲ.

ಹಾಗೆಂದು ಡೆಕ್‌ನೆಟ್ ಅಳಿದುಹೋಗಿಲ್ಲ. ಅದರ ಒಂದೊಂದು ಸಾಲೂ, ತೆಗೆದವರು ಕೊಟ್ಟ ಕಾರಣವೂ ಗಿಟ್ ಭಂಡಾರದಲ್ಲಿವೆ. ಯಾರು ಬೇಕಾದರೂ ಇವತ್ತೇ ತೆರೆದು ಓದಬಹುದು. ಚರಿತ್ರೆ ಓದುವ ಚಟವಿರುವ ನನಗೆ ಹೊಟ್ಟೆಕಿಚ್ಚಾಗುವುದು ಇಲ್ಲಿಯೇ. ಸಿಕಂದರಾಬಾದಿನ ಕನ್ಸರ್ಟಿಗೆ ಅಂಥ ತೆರೆದ ಭಂಡಾರವಿಲ್ಲ. ರಾತ್ರಿಪಾಳಿಯಲ್ಲಿ ಟರ್ಮಿನಲ್ ಮುಂದೆ ಕೂತವರು, ಕೈಬರಹದ ರಿಜಿಸ್ಟರ್ ಮುಚ್ಚಿ ಕೀಬೋರ್ಡ್ ಕಲಿತ ಗುಮಾಸ್ತರು ಈಗ ನಿವೃತ್ತರು. ಅವರ ಕೆಲಸದ ಇತಿಹಾಸ ಅವರ ತಲೆಯಲ್ಲಿದೆ, ಅಷ್ಟೇ.

ನಿಮ್ಮ ಮನೆಯಲ್ಲೋ ಅಪಾರ್ಟ್‌ಮೆಂಟಿನಲ್ಲೋ ಅಂಥ ಹಿರಿಯರಿದ್ದರೆ ಒಂದು ಭಾನುವಾರ ಹೋಗಿ ಕೂತು ಕೇಳಿ, ಬರೆದಿಡಿ. ಬರೆದಿಟ್ಟದ್ದನ್ನು ನಿಶ್ಚಿಂತೆಯಿಂದ ತೆಗೆಯಬಹುದು. ಬರೆದಿಡದೆ ಹೋದದ್ದಕ್ಕೆ ಹಿಂದಿನ ಆವೃತ್ತಿ ಎಂಬುದಿಲ್ಲ.